ಮನೆಯ ನಾಯಿಗೆ ಯಾವ ಪಾಠ?

ಶಿಕ್ಷಣ ಮತ್ತು ಶಿಕ್ಷೆ ಎಂಬ ಎರಡು ಮಾತುಗಳು ಒಂದೇ ಧಾತುವಿನಿಂದ ಹುಟ್ಟಿದವು. ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಸುವುದು, ಕಲಿಯುವುದು. ಕನ್ನಡದಲ್ಲಿ ‘ಶಿಕ್ಷೆ’ ಎಂದೊಡನೆ ನಮಗೆ ನೆನಪಾಗುವುದು ದಂಡನೆ. ಕಲಿಸುವುದೂ ಹೊಡೆಯುವುದೂ ಒಂದೇ ಎಂದು ಹಿಂದಿನ ಕೂಲಿಮಠಗಳ ಕಾಲದಲ್ಲಿ ಜನ ಎಣಿಸಿದ್ದರೋ ಏನೋ! ಮಕ್ಕಳ ಮಟ್ಟಿಗೆ ಈ ಗಂಟನ್ನು ನಾವು ಬಿಡಿಸಿಕೊಂಡಿದ್ದೇವೆ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿದೆ. ಆದರೆ ಅದೇ ಮನೆಯ ಹಿತ್ತಲಿನಲ್ಲಿ ಕಟ್ಟಿದ ನಾಯಿಯ ವಿಷಯಕ್ಕೆ ಬಂದರೆ, ಎರಡೂ ಇನ್ನೂ ಬೆರೆತುಕೊಂಡೇ ಇವೆ. ನಾಯಿಗೆ ಬುದ್ಧಿ ಕಲಿಸಬೇಕು ಎಂದು ಯಾರಾದರೂ ಹೇಳಿದರೆ, ಅವರ ಕೈಯಲ್ಲಿ ಕೋಲು ಇರಬಹುದೆಂದೇ ನಾವು ಊಹಿಸುತ್ತೇವೆ.

ಸಾಧಾರಣವಾದ ಒಂದು ಪೇಟೆಯ ಮನೆಯನ್ನು ತೆಗೆದುಕೊಳ್ಳಿ. ಎಂಟು ವಾರದ ಮರಿಯೊಂದು ಮನೆಗೆ ಬರುತ್ತದೆ. ಮೊದಲ ತಿಂಗಳು ಅದು ಎಲ್ಲರಿಗೂ ಆಟದ ಬೊಂಬೆ. ಮೈಮೇಲೆ ಹಾರಿದರೆ ನಗುತ್ತಾರೆ. ಬೆರಳು ಕಚ್ಚಿದರೆ ಮುದ್ದಿಸುತ್ತಾರೆ. ಆರು ತಿಂಗಳು ಕಳೆಯುವ ಹೊತ್ತಿಗೆ ಅದೇ ಮರಿ ಬಲಿತ ನಾಯಿ. ಅಂಚೆಯವನ ಕಾಲಿಗೆ ನುಗ್ಗುತ್ತದೆ. ಒಗೆದು ಹರವಿದ ಸೀರೆಯನ್ನು ಎಳೆದುಹಾಕುತ್ತದೆ. ಅಜ್ಜಿಯ ಮೇಲೆ ಹಾರಿ ಅವರನ್ನು ಬೀಳಿಸುತ್ತದೆ. ನಿನ್ನೆಯವರೆಗೆ ನಕ್ಕವರೇ ಇಂದು ಕೋಲು ಹುಡುಕುತ್ತಾರೆ. ಸಲಹೆಗೇನೂ ಕೊರತೆಯಿಲ್ಲ. ಎರಡು ಬಿಗಿದರೆ ಸರಿಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಬಿಸ್ಕತ್ತು ಕೊಟ್ಟು ಕಲಿಸಿ ಎಂದು ಸಂಬಂಧಿಕರೊಬ್ಬರು ಹೇಳುತ್ತಾರೆ. ಒಂದು ತಿಂಗಳು ನನಗೆ ಒಪ್ಪಿಸಿ ಎಂದು ತರಬೇತುದಾರನೊಬ್ಬ ಹೇಳುತ್ತಾನೆ. ಎಲ್ಲವನ್ನೂ ಎರಡೆರಡು ದಿನ ಮಾಡಿ ನೋಡಿ, ಯಾವುದೂ ಫಲಿಸದೆ, ಕೊನೆಗೆ ನಾಯಿಯನ್ನು ಚೈನಿಗೆ ಕಟ್ಟುತ್ತಾರೆ. ಅದು ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ. ಆರಂಭದಲ್ಲಿ ಆರಿಸಿಕೊಂಡ ಪದ್ಧತಿ ತಪ್ಪಾದರೆ ಅದರ ಬೆಲೆಯನ್ನು ಅಷ್ಟೂ ವರ್ಷ ತೆರಬೇಕಾಗುತ್ತದೆ. ಕೆಲವು ಸಲ ನಾಯಿಯಲ್ಲದೆ ಮನೆಯ ಮಗುವೂ ತೆರಬೇಕಾಗುತ್ತದೆ. ಆದ್ದರಿಂದ ಆಯ್ಕೆ ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ.

ನಮ್ಮ ಮುಂದಿರುವ ದಾರಿಗಳು ಮುಖ್ಯವಾಗಿ ಎರಡು. ತಪ್ಪು ಮಾಡಿದಾಗ ನೋವು ಕೊಟ್ಟು ತಿದ್ದುವುದು ಒಂದು. ಸರಿ ಮಾಡಿದಾಗ ಬಹುಮಾನ ಕೊಟ್ಟು ಬೆಳೆಸುವುದು ಇನ್ನೊಂದು. ಎರಡನ್ನೂ ಬೆರೆಸುವವರೂ ಉಂಟು. ಮೊದಲನೆಯ ದಾರಿ ಸೈನ್ಯ ಮತ್ತು ಪೊಲೀಸಿನ ಅಂಗಳದಿಂದ ಬಂದದ್ದು. ಜರ್ಮನಿಯಲ್ಲಿ ಪೊಲೀಸ್ ನಾಯಿಗಳನ್ನು ತಯಾರುಮಾಡುತ್ತಿದ್ದ ಕೊನ್ರಾಡ್ ಮೋಸ್ಟ್ ಎಂಬಾತ 1910ರಲ್ಲಿ ಈ ವಿಷಯವಾಗಿ ಒಂದು ಪುಸ್ತಕ ಬರೆದ. ಅಮೆರಿಕದ ವಿಲಿಯಂ ಕೋಲರ್‌ನ ಪುಸ್ತಕ 1962ರಲ್ಲಿ ಬಂದು ಬಹಳ ಪ್ರಚಾರ ಪಡೆಯಿತು. ಕತ್ತು ಬಿಗಿಯುವ ಚೈನನ್ನು ಹಾಕಿ, ನಾಯಿ ತಪ್ಪಿದೊಡನೆ ಸರಕ್ಕನೆ ಎಳೆಯುವುದು ಈ ಸಂಪ್ರದಾಯದ ಮುಖ್ಯ ಸಾಧನ. ಇದರಿಂದ ಕೆಲಸವಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಸಾವಿರಾರು ನಾಯಿಗಳು ಹೀಗೆಯೇ ಕಲಿತವು. ಕಲಿಸಿದವರು ಅದನ್ನೇ ವೃತ್ತಿಯಾಗಿ ಮಾಡಿಕೊಂಡು, ದಿನವಿಡೀ ನಾಯಿಗಳೊಡನೆ ಇರುತ್ತಿದ್ದ ಗಟ್ಟಿಗರು ಎಂಬುದನ್ನು ಮಾತ್ರ ನೆನಪಿನಲ್ಲಿಡೋಣ. ಈ ಮಾತು ಮುಂದೆ ಬೇಕಾಗುತ್ತದೆ.

ಈ ಪದ್ಧತಿಗೆ ತೋಳದ ಹೆಸರಿನಲ್ಲಿ ಒಂದು ಸಿದ್ಧಾಂತವೂ ಬೆಂಬಲವಾಗಿ ಬಂದಿತು. ತೋಳಗಳ ಹಿಂಡಿನಲ್ಲಿ ಒಂದು ಯಜಮಾನ ತೋಳ ಇರುತ್ತದೆ, ಅದು ಉಳಿದವನ್ನು ಬಲದಿಂದ ಅಡಗಿಸುತ್ತದೆ, ನಾಯಿಯು ತೋಳದ ವಂಶದ್ದು, ಆದ್ದರಿಂದ ಮನೆಯಲ್ಲಿ ಮನುಷ್ಯನೇ ಯಜಮಾನನೆಂದು ಅದಕ್ಕೆ ತೋರಿಸಿಕೊಡಬೇಕು—ಇದು ವಾದ. ಇದಕ್ಕೆ ಆಧಾರವಾದದ್ದು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನ. ಆತ ನೋಡಿದ್ದು ಮೃಗಾಲಯದ ಆವರಣದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಮುಂದೆ ಡೇವಿಡ್ ಮೆಕ್ ಎಂಬ ಅಮೆರಿಕದ ವಿಜ್ಞಾನಿ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಗೆಗಳನ್ನು ಕಳೆದು, ಸ್ವತಂತ್ರವಾಗಿ ಬದುಕುವ ತೋಳಗಳನ್ನು ಹತ್ತಿರದಿಂದ ನೋಡಿದ. ಅಲ್ಲಿ ಕಂಡದ್ದು ಯಜಮಾನಿಕೆಗಾಗಿ ಕಚ್ಚಾಡುವ ಹಿಂಡಲ್ಲ; ತಂದೆ, ತಾಯಿ, ಮಕ್ಕಳಿರುವ ಒಂದು ಸಂಸಾರ. 1999ರಲ್ಲಿ ಆತ ಇದನ್ನು ಪ್ರಕಟಿಸಿದ. ಯಜಮಾನ ತೋಳದ ಮಾತನ್ನು ಜನಪ್ರಿಯಗೊಳಿಸಿದ ಪುಸ್ತಕಗಳಲ್ಲಿ ಆತನದೇ 1970ರ ಪುಸ್ತಕವೂ ಒಂದು. ಅದನ್ನು ತಾನೇ ತಿದ್ದಿದ್ದು ಆತನ ದೊಡ್ಡತನ. ಮೇಲಾಗಿ, ನಾಯಿ ಸಾವಿರಾರು ವರ್ಷಗಳಿಂದ ಮನುಷ್ಯನ ಜೊತೆಗೆ ಬಾಳಿದ ಪ್ರಾಣಿ. ಸೋಫಾದ ಮೇಲೆ ಹತ್ತಿದ ನಾಯಿಗೆ ಬೇಕಾದದ್ದು ಮೆತ್ತನೆಯ ಜಾಗ, ನಮ್ಮ ಸಿಂಹಾಸನವಲ್ಲ.

ಎರಡನೆಯ ದಾರಿಯ ಚರಿತ್ರೆ ಪ್ರಯೋಗಶಾಲೆಯಲ್ಲಿ ಆರಂಭವಾಗುತ್ತದೆ. ರಷ್ಯದ ಇವಾನ್ ಪಾವ್ಲೋವ್ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದದ್ದು ಜೀರ್ಣಕ್ರಿಯೆಯ ಸಂಶೋಧನೆಗಾಗಿ. ಆಹಾರಕ್ಕೆ ಮುಂಚೆ ಒಂದು ಸದ್ದನ್ನು ಮತ್ತೆ ಮತ್ತೆ ಕೇಳಿಸಿದರೆ, ಬರಿಯ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂಬುದನ್ನು ಆತ ತೋರಿಸಿದ. ನಮ್ಮ ಮನೆಗಳಲ್ಲಿ ತಟ್ಟೆಯ ಸದ್ದಿಗೆ ನಾಯಿ ಓಡಿಬರುವುದು ಇದೇ. ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಪೆಟ್ಟಿಗೆಯೊಳಗಿಟ್ಟ ಬೆಕ್ಕುಗಳನ್ನು ನೋಡಿ, ಯಾವ ಕೆಲಸದಿಂದ ಸುಖ ಸಿಕ್ಕುತ್ತದೆಯೋ ಪ್ರಾಣಿ ಅದನ್ನು ಮತ್ತೆ ಮಾಡುತ್ತದೆ ಎಂದು ಹೇಳಿದ. ಈ ತತ್ವವನ್ನು ವಿಸ್ತರಿಸಿದವನು ಸ್ಕಿನ್ನರ್. ಆತನ ಮೊದಲ ಪುಸ್ತಕ ಬಂದದ್ದು 1938ರಲ್ಲಿ. 1951ರಲ್ಲಿ ಆತ ಸಾಮಾನ್ಯ ಓದುಗರಿಗಾಗಿಯೇ ಒಂದು ಲೇಖನ ಬರೆದು, ಮನೆಯಲ್ಲಿ ನಾಯಿಗೆ ಹೇಗೆ ಕಲಿಸಬಹುದೆಂದು ವಿವರಿಸಿದ. ನಾಯಿ ಸರಿಯಾದ ಕೆಲಸ ಮಾಡಿದ ಕ್ಷಣದಲ್ಲೇ ಒಂದು ಸಣ್ಣ ಸದ್ದು. ಸದ್ದಿನ ಹಿಂದೆಯೇ ಒಂದು ಚೂರು ತಿಂಡಿ. ಇಷ್ಟೇ ಅದರ ಮರ್ಮ.

ಈ ಪದ್ಧತಿಯ ಶಕ್ತಿ ತಿಳಿಯಬೇಕಾದರೆ ಡಾಲ್ಫಿನ್‌ಗಳ ಕಡೆ ನೋಡಬೇಕು. ಹವಾಯಿ ದ್ವೀಪದಲ್ಲಿ ಕ್ಯಾರನ್ ಪ್ರಯರ್ ಎಂಬ ಮಹಿಳೆ 1960ರ ದಶಕದಲ್ಲಿ ಡಾಲ್ಫಿನ್‌ಗಳಿಗೆ ತರಬೇತಿ ಕೊಡುತ್ತಿದ್ದರು. ಡಾಲ್ಫಿನ್‌ಗೆ ಚೈನು ಹಾಕುವಂತಿಲ್ಲ, ಕೋಲು ತೋರಿಸುವಂತಿಲ್ಲ. ಮನಸ್ಸಿಗೆ ಬಾರದಿದ್ದರೆ ಅದು ನೀರಿನ ಆಚೆ ಬದಿಗೆ ಈಜಿಹೋಗುತ್ತದೆ. ಆದರೂ ಒಂದು ಸೀಟಿ ಮತ್ತು ಒಂದಿಷ್ಟು ಮೀನಿನಿಂದ ಅದಕ್ಕೆ ಎಂತೆಂಥ ಕಸರತ್ತುಗಳನ್ನೋ ಕಲಿಸಲು ಸಾಧ್ಯವಾಯಿತು. ಈ ಅನುಭವವನ್ನು ಆಕೆ 1984ರಲ್ಲಿ ಪುಸ್ತಕವಾಗಿ ಬರೆದರು. ನಾಯಿ ಸಾಕುವವರು ಅದನ್ನು ಕೈಗೆತ್ತಿಕೊಂಡರು. ಕಡಲಿನ ಪ್ರಾಣಿಗೆ ಹೊಡೆಯದೆ ಕಲಿಸಬಹುದಾದರೆ, ನಮ್ಮ ಕಾಲಬಳಿಯೇ ಮಲಗುವ ನಾಯಿಗೆ ಕಲಿಸಲಾಗದೇ?

ಇತ್ತೀಚಿನ ಪರಿಶೋಧನೆಗಳೂ ಇದೇ ಕಡೆಗೆ ಬೆರಳು ತೋರಿಸುತ್ತವೆ. 2004ರಲ್ಲಿ ಇಂಗ್ಲೆಂಡಿನ ವಿದ್ವಾಂಸರು 364 ಜನ ನಾಯಿ ಸಾಕಿದವರ ಉತ್ತರಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಬಹುಮಾನದಿಂದ ಕಲಿತ ನಾಯಿಗಳಲ್ಲಿ ವಿಧೇಯತೆ ಹೆಚ್ಚು ಕಂಡಿತು; ದಂಡನೆ ಹೆಚ್ಚಿದ ಕಡೆ ತೊಂದರೆಯ ನಡತೆಯೂ ಹೆಚ್ಚಿತ್ತು. 2020ರಲ್ಲಿ ಪೋರ್ಚುಗಲ್ ದೇಶದ ವಿಜ್ಞಾನಿಗಳು 92 ಸಾಕುನಾಯಿಗಳನ್ನು ತರಬೇತಿ ಶಾಲೆಗಳಲ್ಲಿ ಪರೀಕ್ಷಿಸಿದರು. ದಂಡಿಸುವ ಶಾಲೆಗಳ ನಾಯಿಗಳು ಪಾಠದ ಹೊತ್ತಿನಲ್ಲಿ ಹೆಚ್ಚು ಆತಂಕ ತೋರಿದವು. ಪಾಠ ಮುಗಿದ ಮೇಲೆ ಅವುಗಳ ಜೊಲ್ಲಿನಲ್ಲಿ ಆತಂಕವನ್ನು ಸೂಚಿಸುವ ರಸದ ಪ್ರಮಾಣವೂ ಏರಿತ್ತು. ಅಮೆರಿಕದಲ್ಲಿ ಪ್ರಾಣಿಗಳ ನಡತೆಯನ್ನು ಅಭ್ಯಾಸ ಮಾಡುವ ಪಶುವೈದ್ಯರ ಸಂಘ 2021ರಲ್ಲಿ, ಎಲ್ಲ ನಾಯಿಗಳಿಗೂ ಬಹುಮಾನದ ಪದ್ಧತಿಯನ್ನೇ ಬಳಸಬೇಕೆಂದು ಸ್ಪಷ್ಟವಾಗಿ ಹೇಳಿತು. ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿಯನ್ನು ವೇಲ್ಸ್ ದೇಶ 2010ರಲ್ಲಿಯೇ ನಿಷೇಧಿಸಿತು.

ಆದರೆ ಪಂಡಿತರು ಹೇಳಿದರೆಂದು ಮಾತ್ರವೇ ನಾವು ಒಪ್ಪಬೇಕಾಗಿಲ್ಲ. ಸಂಸಾರಸ್ಥರಿಗೆ ತಮ್ಮದೇ ಆದ ಒಂದು ಅಳತೆಗೋಲಿದೆ. ಯಾವ ಪದ್ಧತಿಯನ್ನೇ ಹಿಡಿಯಿರಿ, ‘ನಮ್ಮ ಕೈ ತಪ್ಪಿದರೆ ಏನಾಗುತ್ತದೆ?’ ಎಂದು ಮೊದಲು ಕೇಳಿಕೊಳ್ಳಿ. ಏಕೆಂದರೆ ನಮ್ಮ ಕೈ ತಪ್ಪಿಯೇ ತಪ್ಪುತ್ತದೆ. ನಾವು ಕಚೇರಿಗೆ ಹೋಗುವವರು, ಒಲೆಯ ಮೇಲೆ ಹಾಲಿಟ್ಟು ಬಂದವರು, ಪರೀಕ್ಷೆಗೆ ಓದುವ ಹುಡುಗರು. ಕೊನ್ರಾಡ್ ಮೋಸ್ಟ್‌ನ ಹಾಗೆ ದಿನವಿಡೀ ನಾಯಿಯ ಹಿಂದೆ ನಿಲ್ಲುವವರಲ್ಲ. ದಂಡನೆ ಫಲಿಸಬೇಕಾದರೆ ಅದು ತಪ್ಪಿನ ಕ್ಷಣದಲ್ಲೇ ಬೀಳಬೇಕು, ಅಳತೆ ತಪ್ಪಬಾರದು, ಪ್ರತಿಸಲವೂ ಬೀಳಬೇಕು. ಸ್ವಲ್ಪ ತಡವಾದರೆ ನಾಯಿ ಕಲಿಯುವುದೇ ಬೇರೆ. ಕರೆದಾಗ ತಡವಾಗಿ ಬಂದ ನಾಯಿಗೆ ಒಂದು ಏಟು ಕೊಟ್ಟರೆ, ಏಟು ಬಿದ್ದದ್ದು ತಡಮಾಡಿದ್ದಕ್ಕಲ್ಲ, ಹತ್ತಿರ ಬಂದದ್ದಕ್ಕೆ ಎಂದು ಅದು ತಿಳಿಯುತ್ತದೆ. ನಾಳೆ ಗೇಟು ದಾಟಿ ರಸ್ತೆಗಿಳಿದಾಗ ಕರೆದರೆ ಬಾರದು. ಬಸ್ಸು ಬರುತ್ತಿದ್ದರೂ ಬಾರದು. ಇನ್ನು ಬಹುಮಾನದಲ್ಲಿ ಕೈ ತಪ್ಪಿದರೆ ಏನು? ಒಂದು ಚೂರು ಚಪಾತಿ ದಂಡ. ಪಾಠ ಒಂದು ದಿನ ಹಿಂದೆ ಬೀಳುತ್ತದೆ. ನಾಳೆ ಮತ್ತೆ ತಿದ್ದಬಹುದು. ಒಂದರ ತಪ್ಪು ಭಯವಾಗಿ ಉಳಿಯುತ್ತದೆ. ಇನ್ನೊಂದರ ತಪ್ಪು ಹೊಟ್ಟೆಯಲ್ಲಿ ಕರಗುತ್ತದೆ. ನುರಿಯದ ಕೈಗಳಿಗೆ ಯಾವುದು ಕ್ಷೇಮವೆಂದು ಬೇರೆ ಹೇಳಬೇಕಾಗಿಲ್ಲ.

ಮನೆಯೊಳಗೆ ಉಚ್ಚೆ ಹೊಯ್ದ ಮರಿಯ ಮೂಗನ್ನು ಅದಕ್ಕೇ ಒರೆಸುವ ಪದ್ಧತಿಯನ್ನು ಈ ಅಳತೆಗೋಲಿನಿಂದ ನೋಡಿ. ಮರಿ ಕಲಿಯುವುದೇನು? ಇವರ ಕಣ್ಣೆದುರು ಈ ಕೆಲಸ ಮಾಡಬಾರದು ಎಂದು. ಮಾರನೆಯ ದಿನ ಮಂಚದ ಕೆಳಗೆ ಹೋಗಿ ಮಾಡುತ್ತದೆ. ನಿದ್ದೆಯಿಂದ ಎದ್ದೊಡನೆ, ಊಟವಾದೊಡನೆ, ಆಟ ಮುಗಿದೊಡನೆ ಅದನ್ನು ಹೊರಗೆ ಒಯ್ದು, ಅಲ್ಲಿ ಮಾಡಿದಾಗ ಅಲ್ಲೇ ಬಹುಮಾನ ಕೊಟ್ಟರೆ, ಎಲ್ಲಿ ಮಾಡಬೇಕೆಂಬುದು ತಿಳಿಯುತ್ತದೆ. ಬೇಡವೆನ್ನುವುದಕ್ಕಿಂತ ಬೇಕಾದದ್ದನ್ನು ತೋರಿಸುವುದು ಸುಲಭ.

‘ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿ’ ಎಂದು ಹೇಳುವುದುಂಟು. ಚಪ್ಪಲಿ ಕಡಿದ ನಾಯಿ ನಾವು ಒಳಗೆ ಬಂದಾಗ ಕಿವಿ ಇಳಿಸಿ, ಕಣ್ಣು ತಪ್ಪಿಸಿ ನಿಲ್ಲುತ್ತದಲ್ಲ! ನ್ಯೂಯಾರ್ಕಿನ ಅಲೆಕ್ಸಾಂಡ್ರ ಹೊರೊವಿಟ್ಸ್ 2009ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ನಾಯಿ ನಿಜವಾಗಿ ತಪ್ಪು ಮಾಡಿದೆಯೇ ಇಲ್ಲವೇ ಎಂಬುದಕ್ಕೂ ಆ ಮುಖಕ್ಕೂ ಸಂಬಂಧವಿರಲಿಲ್ಲ. ಯಜಮಾನರು ಬೈದಾಗಲೆಲ್ಲ, ತಪ್ಪು ಮಾಡದ ನಾಯಿಯೂ ಅದೇ ಮುಖ ಮಾಡಿತು. ನಾವು ಪಶ್ಚಾತ್ತಾಪವೆಂದು ಓದುವುದು ನಮ್ಮ ಕೋಪಕ್ಕೆ ಅದು ಕೊಡುವ ಉತ್ತರ. ಸಂಜೆ ಆರಕ್ಕೆ ಮನೆಗೆ ಬಂದು ಮಧ್ಯಾಹ್ನ ಎರಡರ ಅಪರಾಧಕ್ಕೆ ದಂಡಿಸಿದರೆ, ನಾವು ಬರುವುದೇ ಅದಕ್ಕೆ ಅಂಜಿಕೆಯ ಹೊತ್ತಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಗುರುಗುಟ್ಟುವುದನ್ನು ದಂಡಿಸುವುದರಲ್ಲಿದೆ. ಅನ್ನ ತಿನ್ನುವ ನಾಯಿಯ ಹತ್ತಿರ ಮಗು ಹೋಯಿತು. ನಾಯಿ ಗುರ್ ಎಂದಿತು. ತಂದೆ ಬಂದು ಬಾರಿಸಿದರು. ಎರಡು ಮೂರು ಸಲ ಹೀಗಾದರೆ ನಾಯಿ ಗುರುಗುಟ್ಟುವುದನ್ನು ಬಿಡಬಹುದು. ಮನೆಯವರಿಗೆ ಸಮಾಧಾನ. ಆದರೆ ಮಗುವಿನ ವಿಷಯದಲ್ಲಿ ಅದಕ್ಕಿದ್ದ ಅಂಜಿಕೆ ಹೋಗಿಲ್ಲ. ಮುನ್ಸೂಚನೆ ಮಾತ್ರ ಹೋಗಿದೆ. ಮುಂದಿನ ಸಲ ಅದು ಸದ್ದಿಲ್ಲದೆ ಕಚ್ಚುತ್ತದೆ. ಗುರುಗುಟ್ಟುವ ನಾಯಿ ‘ದೂರವಿರಿ’ ಎಂದು ಹೇಳುತ್ತಿದೆ. ಆ ಮಾತನ್ನು ಕೇಳಬೇಕು. ಅದು ತಿನ್ನುವಾಗ ಮಗುವನ್ನು ಹತ್ತಿರ ಬಿಡಬಾರದು. ದೊಡ್ಡವರು ದೂರದಿಂದಲೇ ಅದಕ್ಕೆ ಇನ್ನೊಂದು ರುಚಿಯಾದ ಚೂರು ಎಸೆಯುತ್ತ, ಮನುಷ್ಯರು ಬರುವುದು ಕಿತ್ತುಕೊಳ್ಳಲು ಅಲ್ಲ, ಕೊಡಲು ಎಂದು ದಿನದಿನವೂ ತೋರಿಸಬಹುದು. ಆದರೂ ಕಡಿಮೆಯಾಗದಿದ್ದರೆ ಪಶುವೈದ್ಯರನ್ನು ಕಾಣಬೇಕು. ಕಿವಿನೋವು, ಹಲ್ಲುನೋವು, ಕೀಲುನೋವುಗಳಿಂದಲೂ ನಾಯಿಗಳು ಸಿಡುಕುತ್ತವೆ.

ಬಹುಮಾನದ ಪದ್ಧತಿಗೆ ನಮ್ಮ ಹಿರಿಯರದೊಂದು ಆಕ್ಷೇಪಣೆ ಇದೆ: ‘ಇದು ಲಂಚವಲ್ಲವೇ? ತಿಂಡಿ ಇಲ್ಲದ ದಿನ ಅದು ಮಾತು ಕೇಳುತ್ತದೆಯೇ?’ ಪ್ರಶ್ನೆ ಸರಿಯಾದದ್ದೇ. ಕೆಲಸಕ್ಕೆ ಮುಂಚೆ ತೋರಿಸಿ ಪುಸಲಾಯಿಸುವುದು ಲಂಚ. ಕೆಲಸವಾದ ಮೇಲೆ ಕೊಡುವುದು ಕೂಲಿ. ಬಿಸ್ಕತ್ತನ್ನು ಮೂಗಿನ ಮುಂದೆ ಆಡಿಸುತ್ತ ಕರೆಯುವ ಅಭ್ಯಾಸ ಬೆಳೆಸಿದರೆ ನಾಯಿ ಬಿಸ್ಕತ್ತಿಗೆ ಬರುತ್ತದೆ. ಕರೆದು, ಬಂದ ಮೇಲೆ ಕೊಟ್ಟರೆ ಮಾತಿಗೆ ಬರುತ್ತದೆ. ಪಾಠ ಗಟ್ಟಿಯಾದ ಮೇಲೆ ಪ್ರತಿಸಲವೂ ತಿಂಡಿ ಬೇಡ. ಒಮ್ಮೆ ತಿಂಡಿ, ಒಮ್ಮೆ ಬೆನ್ನು ಸವರುವುದು, ಒಮ್ಮೆ ಚೆಂಡಿನ ಆಟ. ತಿಂಡಿಯೂ ಕಡಲೆಕಾಳಿನಷ್ಟು ಸಾಕು. ಚಪಾತಿಯ ಚೂರು, ಬೇಯಿಸಿದ ಮೊಟ್ಟೆಯ ಚೂರು, ಗಜ್ಜರಿಯ ತುಂಡು—ಮನೆಯಲ್ಲಿ ಇದ್ದದ್ದೇ ಆಗುತ್ತದೆ. ಅಷ್ಟನ್ನು ದಿನದ ಊಟದಲ್ಲಿ ಕಡಿಮೆಮಾಡಿದರೆ ಮೈ ಬೊಜ್ಜಾಗದು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟು ಮಾತ್ರ ಬೇಡವೇ ಬೇಡ. ಇವು ನಾಯಿಗೆ ವಿಷ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಬೇಕು. ಹೊಡೆಯದೆ ಕಲಿಸುವುದೆಂದರೆ ಎಲ್ಲಕ್ಕೂ ಬಿಟ್ಟುಕೊಡುವುದೆಂದಲ್ಲ. ಈ ಪದ್ಧತಿಯಲ್ಲಿ ಮನೆಯವರಿಗೂ ಶಿಸ್ತು ಬೇಕು. ಮೈಮೇಲೆ ಹಾರುವ ನಾಯಿಯ ಕಡೆ ನೋಡದೆ, ಮಾತಾಡದೆ ಬೆನ್ನು ತಿರುಗಿಸಿ ನಿಲ್ಲಬೇಕು. ನಾಲ್ಕೂ ಕಾಲು ನೆಲಕ್ಕೆ ತಾಗಿದ ಮೇಲೆ ಮಾತಾಡಿಸಬೇಕು. ಊಟದ ಹೊತ್ತಿನಲ್ಲಿ ಎಲೆಯಿಂದ ಒಂದು ತುತ್ತನ್ನು ಯಾರೂ ಕೆಳಗೆ ಹಾಕಬಾರದು. ಹತ್ತು ದಿನ ತಡೆದು ಹನ್ನೊಂದನೆಯ ದಿನ ಅಜ್ಜಿ ಕರುಣೆಯಿಂದ ಹಾಕಿದರೆ, ಹನ್ನೊಂದು ದಿನ ಬೇಡಿದರೆ ಸಿಕ್ಕುತ್ತದೆ ಎಂದು ಅದು ಕಲಿಯುತ್ತದೆ. ಚಪ್ಪಲಿಗಳನ್ನು ಎತ್ತರದಲ್ಲಿಡುವುದು, ಗೇಟಿನ ಚಿಲಕ ಹಾಕುವುದು, ಕಡಿಯಲು ಅದರದೇ ಒಂದು ಆಟಿಕೆ ಕೊಡುವುದು—ಇವೂ ಪಾಠದ ಭಾಗವೇ. ತಪ್ಪು ಮಾಡುವ ಅವಕಾಶ ಕಡಿಮೆಯಾದಷ್ಟೂ ತಿದ್ದುವ ಕೆಲಸ ಕಡಿಮೆ.

ನಾಯಿಯ ಜಾತಿಯನ್ನೂ ನೋಡಿ ಪಾಠ ಹೂಡಬೇಕು. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯನ್ನು ಎಲ್ಲರೂ ಬಲ್ಲರು. 2005ರಲ್ಲಿ ಅದರ ಅಂಚೆಚೀಟಿಯೂ ಬಂದಿತು. ಅದು ಕಣ್ಣಿನಿಂದ ನೋಡಿ ಬೇಟೆಯಾಡುವ ತಳಿ. ದೂರದಲ್ಲಿ ಓಡುವ ಮೊಲವನ್ನೋ ಬೆಕ್ಕನ್ನೋ ಕಂಡರೆ ಅದರ ಕಿವಿಗೆ ನಮ್ಮ ಕೂಗು ತಾಗದು. ಅದನ್ನು ಹಟಮಾರಿ ಎಂದು ಹೊಡೆಯುವುದು ಅನ್ಯಾಯ. ತಲೆಮಾರುಗಳಿಂದ ನಾವೇ ಅದನ್ನು ಹಾಗೆ ಬೆಳೆಸಿದ್ದೇವೆ. ಬೇಲಿಯೊಳಗೆ ಓಡಲು ಬಿಡಿ, ಬಯಲಿನಲ್ಲಿ ಉದ್ದನೆಯ ಹಗ್ಗ ಇರಲಿ, ಓಟವನ್ನೇ ಅದಕ್ಕೆ ಬಹುಮಾನವಾಗಿ ಕೊಡಿ. ಭಾರತೀಯ ಸೈನ್ಯ ಈ ತಳಿಯ ಮರಿಗಳನ್ನು ಮೀರತ್ತಿನ ತನ್ನ ಕೇಂದ್ರಕ್ಕೆ ಒಯ್ದು ತರಬೇತಿ ಕೊಟ್ಟದ್ದುಂಟು. ಲ್ಯಾಬ್ರಡಾರ್ ಜಾತಿಗೆ ತಿಂಡಿಯೇ ದೊಡ್ಡದು. ನಮ್ಮ ಬೀದಿಯ ನಾಯಿ ಬಹು ಎಚ್ಚರದ ಪ್ರಾಣಿ. ನಂಬಿಕೆ ಬರುವವರೆಗೆ ಅದಕ್ಕೆ ಕಾಲ ಕೊಡಬೇಕು. ಪದ್ಧತಿ ಒಂದೇ, ಕೂಲಿ ಮಾತ್ರ ಬೇರೆ ಬೇರೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ನಾಯಿಗೆ ಅರ್ಧ ಮಾತ್ರ ಸಲ್ಲುತ್ತದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಹಲವು ವರ್ಷ ಮರಿಗಳನ್ನು ಅಭ್ಯಾಸ ಮಾಡಿ 1965ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಮೂರರಿಂದ ಹನ್ನೆರಡು ವಾರಗಳ ನಡುವಣ ಕಾಲ ಬಹು ಮುಖ್ಯ. ಆಗ ಕಂಡ ಮನುಷ್ಯರು, ಮಕ್ಕಳು, ವಾಹನಗಳು, ಸದ್ದುಗಳು ಮುಂದೆ ಅದಕ್ಕೆ ಪರಿಚಿತ. ಕಾಣದಿದ್ದವು ಅಂಜಿಕೆಗೆ ಕಾರಣ. ಚುಚ್ಚುಮದ್ದುಗಳು ಮುಗಿಯುವವರೆಗೆ ಬೀದಿಯ ನೆಲಕ್ಕೆ ಬಿಡದೆ, ತೋಳಿನಲ್ಲಿ ಎತ್ತಿಕೊಂಡು ಲೋಕ ತೋರಿಸಬಹುದು. ಇದರರ್ಥ ದೊಡ್ಡ ನಾಯಿ ಕಲಿಯದೆಂದಲ್ಲ; ನಿಧಾನವಾದೀತು, ಅಷ್ಟೆ. ದೀಪಾವಳಿಯ ಪಟಾಕಿಗೆ ನಡುಗಿ ಮೂಲೆ ಸೇರುವ ನಾಯಿಯನ್ನು ಮಾತ್ರ ಗದರಿಸಬೇಡಿ, ಹೊರಗೆ ಎಳೆಯಬೇಡಿ. ಭಯ ಅವಿಧೇಯತೆಯಲ್ಲ. ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಹತ್ತಿರ ಕೂತು ಸಮಾಧಾನ ಮಾಡಿದರೆ ಅಂಜಿಕೆ ಹೆಚ್ಚುವುದಿಲ್ಲ.

ತರಬೇತುದಾರನನ್ನು ಕರೆಸುವವರು ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಬೇಕು. ನಾಯಿ ಸರಿ ಮಾಡಿದರೆ ನೀವು ಏನು ಮಾಡುತ್ತೀರಿ? ತಪ್ಪು ಮಾಡಿದರೆ ಏನು ಮಾಡುತ್ತೀರಿ? ಪಾಠದ ಹೊತ್ತಿನಲ್ಲಿ ನಾವು ಜೊತೆಯಲ್ಲಿ ಇರಬಹುದೇ? ಮೂರನೆಯದಕ್ಕೆ ‘ಬೇಡ’ ಎಂದರೆ ನಮಸ್ಕಾರ ಹೇಳಿ ಕಳುಹಿಸಿ. ಮುಳ್ಳುಪಟ್ಟಿ, ಕತ್ತು ಬಿಗಿಯುವ ಚೈನು ಚೀಲದಿಂದ ಹೊರಬಂದರೂ ಅಷ್ಟೆ. ತಿಂಗಳುಗಟ್ಟಲೆ ಬೇರೆಡೆ ಇಟ್ಟು ಕಲಿಸಿದ ನಾಯಿ ಅಲ್ಲಿ, ಆತನ ಮಾತು ಕೇಳಬಹುದು. ಅದು ಬಾಳಬೇಕಾದದ್ದು ನಮ್ಮ ಮನೆಯಲ್ಲಿ. ಕಲಿಯಬೇಕಾದವರಲ್ಲಿ ನಾವೂ ಸೇರಿದ್ದೇವೆ.

ಕಾನೂನಿನ ಮಾತನ್ನೂ ಸೇರಿಸುತ್ತೇನೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಪ್ರಾಣಿಯನ್ನು ಹೊಡೆದು ಒದ್ದು ಹಿಂಸಿಸುವುದು ಅಪರಾಧ. ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಹೊತ್ತು ಮೀರಿ ಕಟ್ಟುವುದೂ, ಸದಾ ಕಟ್ಟಿಹಾಕಿದ ನಾಯಿಯನ್ನು ತಕ್ಕಷ್ಟು ಓಡಾಡಿಸದಿರುವುದೂ ಅದೇ ಕಾಯಿದೆಯಲ್ಲಿ ಅಪರಾಧವೆಂದು ಬರೆದಿದೆ.

ಇನ್ನು ಆರಂಭ ಹೇಗೆ? ಖರ್ಚೇನೂ ಇಲ್ಲ. ಇಂದು ರಾತ್ರಿ ಮನೆಯವರೆಲ್ಲ ಊಟಕ್ಕೆ ಕೂತಾಗ ನಾಲ್ಕು ಮಾತುಗಳನ್ನು ಗೊತ್ತುಮಾಡಿಕೊಳ್ಳಿ: ‘ಬಾ’, ‘ಕೂತ್ಕೋ’, ‘ಇರು’, ‘ಬಿಡು’. ತಂದೆ ಇಂಗ್ಲಿಷಿನಲ್ಲಿ ‘ಸಿಟ್’ ಎಂದು, ತಾಯಿ ‘ಕೂತ್ಕೋ’ ಎಂದು, ಹುಡುಗ ‘ಕೂರೋ’ ಎಂದು ಕೂಗಿದರೆ ನಾಯಿಗೆ ಅದು ಮೂರು ಬೇರೆ ಸದ್ದು. ಎಲ್ಲರದೂ ಒಂದೇ ಮಾತು, ಒಂದೇ ಕಟ್ಟಳೆ ಇರಲಿ. ನಾಳೆ ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಪಾಠ. ಮೊದಲು ಎರಡು ಹೆಜ್ಜೆ ದೂರದಿಂದ ‘ಬಾ’ ಎನ್ನಿ. ಬಂದರೆ ಆ ಕ್ಷಣದಲ್ಲೇ ಮೆಚ್ಚಿ ಒಂದು ಚೂರು ಕೊಡಿ. ಮರುದಿನ ನಾಲ್ಕು ಹೆಜ್ಜೆ, ಆಮೇಲೆ ಪಕ್ಕದ ಕೋಣೆ, ಆಮೇಲೆ ಅಂಗಳ. ಬಾರದಿದ್ದರೆ ಬೈಯಬೇಡಿ, ಪಾಠ ಕಷ್ಟವಾಯಿತೆಂದು ತಿಳಿದು ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಬಂದ ನಾಯಿಗೆ ಎಂದೆಂದಿಗೂ ಏಟು ಕೊಡಬೇಡಿ, ಅದು ಎಷ್ಟೇ ತಡವಾಗಿ ಬಂದಿರಲಿ.